ಜುಪಿಟರ್-8: ಕಣ್ಣು ಮಸುಕು, ಕೂದಲು ಶಾರ್ಪ್ ಆಗುವುದೇಕೆ?

ಪ್ರಶ್ನೆ: 1958ರ ಜುಪಿಟರ್-8 ಲೆನ್ಸನ್ನು (50 ಮಿ.ಮೀ., ಎಫ್/2) ಹಳೆಯ ಲೈಕಾ 3ಎಫ್ ಕ್ಯಾಮೆರಾಕ್ಕೆ ಹಾಕಿಕೊಂಡಿದ್ದೇನೆ. ಒಂದು ಮೀಟರ್ ದೂರದಿಂದ ಎಫ್/2ರಲ್ಲಿ, ಅಂದರೆ ಬೆಳಕು ಬರುವ ಕಂಡಿ (ಅಪರ್ಚರ್) ಪೂರ್ತಿ ತೆರೆದು, ಮುಖ ತೆಗೆದರೆ ಕಣ್ಣು ಮಸುಕಾಗಿ, ಕಿವಿಯ ಮುಂದಿನ ಕೂದಲು ಶಾರ್ಪ್ ಆಗಿ ಬರುತ್ತದೆ. ದೂರದ ದೃಶ್ಯಗಳೆಲ್ಲ ಚೆನ್ನಾಗಿವೆ. ಅದೇ ಲೆನ್ಸನ್ನು ಅಡಾಪ್ಟರ್ ಮೂಲಕ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬಳಸಿದರೆ ಕಣ್ಣು ಸರಿಯಾಗಿಯೇ ಬರುತ್ತದೆ. ಇನ್ನೊಂದು ತೊಂದರೆ, ಕಿಟಕಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಬಿಳಿಚಿಕೊಂಡಿವೆ. ಹಳೆಯ ಲೆನ್ಸಿನ ‘ಗುಣ’ವೇ ಹೀಗೆ ಎನ್ನುತ್ತಾರೆ. ನಿಜವೇ? ರಿಪೇರಿ ಮಾಡಿಸಬೇಕೆ?

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಎರಡನ್ನೂ ‘ಗುಣ’ ಎಂದು ಒಪ್ಪಿಕೊಂಡು ಸುಮ್ಮನಿರಬೇಕಾಗಿಲ್ಲ. ಮೊದಲನೆಯದು ಲೆನ್ಸಿಗೂ ಕ್ಯಾಮೆರಾಕ್ಕೂ ಅಳತೆ ಹೊಂದದೇ ಇರುವುದು. ಎರಡನೆಯದು ಬಹುಪಾಲು ಒಳಗಾಜಿನ ಮಬ್ಬು. ಈ ಲೆನ್ಸಿಗೆ ನಿಜವಾದ ಗುಣವೂ ಒಂದಿದೆ, ಅದು ಬಹಳ ಸೊಗಸಾದದ್ದು. ಇವೆರಡನ್ನು ಸರಿಪಡಿಸಿದ ಮೇಲಷ್ಟೇ ಅದು ಪೂರ್ತಿಯಾಗಿ ಕಾಣುತ್ತದೆ.

ಕಣ್ಣಿನ ವಿಷಯದಿಂದ ಶುರು ಮಾಡೋಣ. ಜುಪಿಟರ್-8ರ ಮೂಲ ಜರ್ಮನಿಯ ಝೈಸ್ ಸೊನ್ನಾರ್. ಲುಡ್ವಿಗ್ ಬೆರ್ಟೆಲೆ ರೂಪಿಸಿದ ಈ ವಿನ್ಯಾಸ 1932ರಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾದ ಜೊತೆ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಸೋವಿಯತ್ ಒಕ್ಕೂಟಕ್ಕೆ ಹೋಗಿ, ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯಲ್ಲಿ ಲೈಕಾ ಮಾದರಿಯ 39 ಮಿ.ಮೀ. ಸ್ಕ್ರೂ ಮೌಂಟ್‌ಗೂ ತಯಾರಾಗತೊಡಗಿತು. ಮೌಂಟ್ ಲೈಕಾದ್ದು, ಆದರೆ ಒಳಗಿನ ಲೆನ್ಸ್ ಕಾಂಟ್ಯಾಕ್ಸ್ ಪರಂಪರೆಯದು. ತೊಡಕು ಇರುವುದು ಇಲ್ಲೇ. ಲೆನ್ಸಿನ ಮೇಲೆ 5 ಸೆಂ.ಮೀ. ಎಂದು ಕೆತ್ತಿದ್ದರೂ ಅದರ ನಿಜವಾದ ಫೋಕಲ್ ಲೆಂಗ್ತ್ (ಸಂಗಮದೂರ) ಸುಮಾರು 52.4 ಮಿ.ಮೀ. ಲೈಕಾದ ರೇಂಜ್‌ಫೈಂಡರ್ (ದೂರ ಅಳೆಯುವ ಸಾಧನ) ಲೆಕ್ಕ ಹಾಕುವುದು 51.6 ಮಿ.ಮೀ. ಲೆನ್ಸ್ ಇದೆ ಎಂದುಕೊಂಡು.

ರೇಂಜ್‌ಫೈಂಡರ್ ಕ್ಯಾಮೆರಾ ಲೆನ್ಸಿನ ಮೂಲಕ ನೋಡುವುದಿಲ್ಲ. ಬಾಡಿಯೊಳಗಿನ ಪುಟ್ಟ ರೋಲರ್ ಲೆನ್ಸಿನ ಹಿಂಭಾಗದ ಉಂಗುರವನ್ನು ಮುಟ್ಟಿಕೊಂಡಿದ್ದು, ಆ ಉಂಗುರ ಎಷ್ಟು ಮುಂದೆ ಹೋಯಿತು ಎಂಬುದರಿಂದ ದೂರವನ್ನು ಅಳೆಯುತ್ತದೆ. ಒಂದು ಮೀಟರಿಗೆ ಫೋಕಸ್ ಮಾಡಲು 51.6ರ ಲೆನ್ಸ್ ಸುಮಾರು 2.97 ಮಿ.ಮೀ. ಮುಂದೆ ಬಂದರೆ ಸಾಕು, 52.4ರದ್ದು 3.07 ಮಿ.ಮೀ. ಬರಬೇಕು. ಜುಪಿಟರ್-8ರಲ್ಲಿ ಉಂಗುರ ಮತ್ತು ಗಾಜು ಒಟ್ಟಿಗೇ ಚಲಿಸುತ್ತವೆ. ಹಾಗಾಗಿ 2.97 ಆಗುತ್ತಿದ್ದಂತೆಯೇ ರೇಂಜ್‌ಫೈಂಡರ್ ಕಿಂಡಿಯಲ್ಲಿ ಎರಡು ಬಿಂಬಗಳು ಒಂದಾಗುತ್ತವೆ, ಗಾಜು ಮಾತ್ರ ಇನ್ನೂ 0.1 ಮಿ.ಮೀ. ಹಿಂದೆಯೇ ಉಳಿದಿರುತ್ತದೆ. ಫಲವಾಗಿ ಫೋಕಸ್ ನೀವು ಗುರಿಯಿಟ್ಟ ಜಾಗಕ್ಕಿಂತ ಸುಮಾರು 3 ಸೆಂ.ಮೀ. ಹಿಂದೆ ಬೀಳುತ್ತದೆ. ಅಷ್ಟು ಹತ್ತಿರದಲ್ಲಿ ಎಫ್/2ರ ಡೆಪ್ತ್ ಆಫ್ ಫೀಲ್ಡ್ (ಶಾರ್ಪ್ ಆಗಿ ಕಾಣುವ ಆಳ) ಆಚೆಗೊಂದು ಈಚೆಗೊಂದು ಬರೀ 2 ಸೆಂ.ಮೀ. ಚಿಲ್ಲರೆ. ಕಣ್ಣು ಅದರ ಹೊರಗೆ, ಕೂದಲು ಒಳಗೆ.

ಇದೇ ತಪ್ಪು ಮೂರು ಮೀಟರಿನಲ್ಲೂ ಇದೆ, ಅಲ್ಲಿ ಸುಮಾರು 9 ಸೆಂ.ಮೀ. ಆದರೆ ಅಲ್ಲಿ ಡೆಪ್ತ್ ಆಚೀಚೆ 20 ಸೆಂ.ಮೀ. ಇರುವುದರಿಂದ ತಪ್ಪು ಅಡಗಿಹೋಗುತ್ತದೆ. ಇನ್ಫಿನಿಟಿಯಲ್ಲಂತೂ (ಅತಿ ದೂರದ ಫೋಕಸ್‌ನಲ್ಲಿ) ತಪ್ಪೇ ಇಲ್ಲ. ನಿಮ್ಮ ದೂರದ ಚಿತ್ರಗಳು ಚೆನ್ನಾಗಿ ಬರುತ್ತಿರುವುದು ಇದಕ್ಕೇ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ರೋಲರಿನ ಮಾತೇ ಇಲ್ಲ, ಸೆನ್ಸರ್ ಕಂಡದ್ದನ್ನೇ ನೀವು ಕಾಣುತ್ತೀರಿ. ಅಲ್ಲಿ ಶಾರ್ಪ್ ಬಂದರೆ ಗಾಜು ಸರಿಯಾಗಿದೆ ಎಂದಷ್ಟೇ ಅರ್ಥ, ಲೈಕಾಕ್ಕೆ ಹೊಂದುತ್ತದೆ ಎಂದಲ್ಲ. ಸೋವಿಯತ್ತಿನದೇ ಆದ ಜೋರ್ಕಿ, ಫೆಡ್ ಕ್ಯಾಮೆರಾಗಳನ್ನು ಸೋವಿಯತ್ ಲೆನ್ಸಿನ ಅಳತೆಗೇ ಹೊಂದಿಸಿರುತ್ತಾರೆ. ಹಾಗಾಗಿ ನಿಮ್ಮ ಲೆನ್ಸ್ ಜೋರ್ಕಿ-4ರ ಮೇಲೆ ಯಾವ ತಕರಾರೂ ಮಾಡದೇ ಇರಬಹುದು.

ಆದರೂ ಇಷ್ಟಕ್ಕೇ ಲೆನ್ಸ್ ಬಿಚ್ಚಲು ಹೋಗಬೇಡಿ. ಅರವತ್ತು ವರ್ಷ ದಾಟಿದ ಲೆನ್ಸನ್ನು ನಡುವೆ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಕ್ಯಾಮೆರಾದ ರೇಂಜ್‌ಫೈಂಡರೇ ಸರಿದಿರಲೂಬಹುದು. ಮೊದಲು ಲೈಕಾದ್ದೇ ಆದ ಎಲ್ಮಾರ್‌ನಂಥ ಲೆನ್ಸ್ ಹಾಕಿ ಇನ್ಫಿನಿಟಿಗೆ ತಿರುಗಿಸಿ. ಬಹು ದೂರದ ಗೋಪುರವೋ ಕಂಬವೋ ರೇಂಜ್‌ಫೈಂಡರ್ ಕಿಂಡಿಯಲ್ಲಿ ಒಂದೇ ಬಿಂಬವಾಗಿ ಕಾಣಬೇಕು. ಎರಡಾಗಿ ಕಂಡರೆ ಸರಿಪಡಿಸಬೇಕಾದದ್ದು ಕ್ಯಾಮೆರಾವನ್ನು, ಲೆನ್ಸನ್ನಲ್ಲ.

ಅದು ಸರಿಯಿದ್ದರೆ ಲೆನ್ಸಿನ ಪರೀಕ್ಷೆ. ಹಿಂಬಾಗಿಲು ತೆರೆಯುವ ಕ್ಯಾಮೆರಾಗಳಲ್ಲಿ ಶಟರನ್ನು ‘ಬಿ’ಯಲ್ಲಿ ತೆರೆದಿಟ್ಟು, ಫಿಲ್ಮ್ ಹಳಿಗಳ ಮೇಲೆ ಮಂಜುಗಾಜು ಇಟ್ಟು ಲೂಪ್‌ನಿಂದ (ಪುಟ್ಟ ಭೂತಗನ್ನಡಿಯಿಂದ) ನೋಡಬಹುದು. ನಿಮ್ಮ 3ಎಫ್‌ಗೆ ಫಿಲ್ಮ್ ತುಂಬುವುದು ತಳದಿಂದ, ಹಿಂಬಾಗಿಲು ಇಲ್ಲ. ಹಾಗಾಗಿ ಒಂದಿಷ್ಟು ಫಿಲ್ಮ್ ಖರ್ಚು ಮಾಡಲೇಬೇಕು. 100 ಐಎಸ್‌ಒ ಫಿಲ್ಮ್, ಟ್ರೈಪಾಡ್, ಉದ್ದನೆಯ ಸ್ಕೇಲು ಸಾಕು. ಸ್ಕೇಲನ್ನು ಕ್ಯಾಮೆರಾಕ್ಕೆ 45 ಡಿಗ್ರಿ ಓರೆಯಾಗಿ ಇಟ್ಟು, ನಡುವಿನ ಅಂಕಿಯ ಪಕ್ಕ ನೇರ ಗೆರೆ ಎಳೆದ ಒಂದು ಕಾರ್ಡ್ ನಿಲ್ಲಿಸಿ. ಫೋಕಸ್ ಮಾಡುವುದು ಆ ಗೆರೆಗೆ. ಒಂದು ಮೀಟರಿನಲ್ಲಿ ಎಫ್/2, 2.8, 4 ಹೀಗೆ ಮೂರು. ಒಂದೂವರೆ ಮೀಟರಿನಲ್ಲಿ ಎಫ್/2. ಕೊನೆಗೆ ಇನ್ಫಿನಿಟಿಯಲ್ಲಿ ಎಫ್/2 ಮತ್ತು ಎಫ್/4. ಪ್ರತಿಯೊಂದನ್ನೂ ಎರಡೆರಡು ಸಲ, ಪ್ರತಿ ಸಲವೂ ಫೋಕಸ್ ಕೆಡಿಸಿ ಹೊಸದಾಗಿ ಮಾಡಿ ತೆಗೆಯಿರಿ. ಇಲ್ಲದಿದ್ದರೆ ಕೈತಪ್ಪು ಯಾವುದು, ಲೆನ್ಸಿನ ತಪ್ಪು ಯಾವುದು ಎಂದು ತಿಳಿಯುವುದಿಲ್ಲ. ನೆಗೆಟಿವ್ ನೋಡುವಾಗ ನೆನಪಿರಲಿ, ಓರೆ ಸ್ಕೇಲಿನ ಮೇಲೆ 4 ಸೆಂ.ಮೀ. ವ್ಯತ್ಯಾಸ ಕಂಡರೆ ಆಳದಲ್ಲಿ ಅದು ಸುಮಾರು 2.8 ಸೆಂ.ಮೀ.

ಇನ್ಫಿನಿಟಿ ಎಫ್/2ರಲ್ಲೂ ಶಾರ್ಪ್ ಇದ್ದು, ಒಂದು ಮೀಟರಿನಲ್ಲಿ ಮಾತ್ರ 3 ಸೆಂ.ಮೀ. ಹಿಂದೆ ಬಿದ್ದಿದ್ದರೆ ನಿಮ್ಮ ಲೆನ್ಸ್ ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ. ಇನ್ಫಿನಿಟಿಯೂ ಮಸುಕಾಗಿದ್ದರೆ, ಅಥವಾ ಹತ್ತಿರದ ತಪ್ಪು ಐದಾರು ಸೆಂ.ಮೀ. ಇದ್ದರೆ ಶಿಮ್ (ಒಳಗಿನ ತೆಳು ಉಂಗುರ) ಬದಲಾಗಿದೆ, ಇಲ್ಲವೇ ಹೆಲಿಕಾಯ್ಡನ್ನು (ಫೋಕಸ್ ತಿರುಗಿಸಿದಾಗ ಗಾಜನ್ನು ಹಿಂದೆ ಮುಂದೆ ಸರಿಸುವ ತಿರುಪು) ತಪ್ಪು ಹಲ್ಲಿಗೆ ಕೂರಿಸಿದ್ದಾರೆ. ಹೆಲಿಕಾಯ್ಡಿನ ಮರೆಗೆ (ತಿರುಪಿನ ಸುತ್ತುಗೆರೆಗೆ) ಹಲವು ಆರಂಭಗಳಿರುತ್ತವೆ. ಗ್ರೀಸ್ ಬದಲಿಸಲು ಬಿಚ್ಚಿದವರು ಅದು ಕಳಚಿಕೊಂಡ ಜಾಗಕ್ಕೆ ಗುರುತು ಮಾಡಿಕೊಳ್ಳದಿದ್ದರೆ ಮತ್ತೆ ಸರಿಯಾದ ಆರಂಭ ಸಿಗುವುದು ಅದೃಷ್ಟದ ಮಾತು.

ಪರಿಹಾರ ಶಿಮ್‌ನಲ್ಲಿದೆ. ಜುಪಿಟರ್-8ರ ಗಾಜು ಮತ್ತು ಅಪರ್ಚರ್ ಸೇರಿದ ಒಳಗಿನ ಬ್ಲಾಕ್, ಫೋಕಸಿಂಗ್ ಮೌಂಟ್‌ನೊಳಗೆ ತಿರುಚಿ ಕೂರುತ್ತದೆ. ಎರಡರ ನಡುವೆ ತೆಳುವಾದ ಲೋಹದ ಉಂಗುರವಿರುತ್ತದೆ, ಅದೇ ಶಿಮ್. ಅದನ್ನು ದಪ್ಪ ಮಾಡಿದರೆ ಗಾಜು ಫಿಲ್ಮಿನಿಂದ ದೂರ ಸರಿದು ಫೋಕಸ್ ಹತ್ತಿರಕ್ಕೆ ಬರುತ್ತದೆ. ರೋಲರ್ ಮುಟ್ಟುವ ಉಂಗುರ ಇದ್ದಲ್ಲೇ ಇರುತ್ತದೆ. ಲೆಕ್ಕದ ಪ್ರಕಾರ 0.1 ಮಿ.ಮೀ. ಸೇರಿಸಿದರೆ ಒಂದು ಮೀಟರಿನ ತಪ್ಪು ಪೂರ್ತಿ ಹೋಗುತ್ತದೆ. ಅದಕ್ಕೆ ಬೆಲೆಯೂ ತೆರಬೇಕು: ಇನ್ಫಿನಿಟಿಗೆ ತಿರುಗಿಸಿದಾಗ ಲೆನ್ಸ್ ನಿಜವಾಗಿ ನೋಡುವುದು 27 ಮೀಟರಿನ ಆಸುಪಾಸಿಗೆ. ಎಫ್/4ಕ್ಕೆ ಇಳಿಸಿದ ಮೇಲಷ್ಟೇ ದೂರದ ಬೆಟ್ಟ ಸ್ಪಷ್ಟವಾಗುತ್ತದೆ.

ನನ್ನ ಸಲಹೆ 0.05 ಮಿ.ಮೀ. ಮುಖಚಿತ್ರ ಬಿಟ್ಟು ಬೇರೇನೂ ತೆಗೆಯದವರಿಗೆ 0.1 ಸರಿ, ಮಿಕ್ಕವರಿಗೆಲ್ಲ ಅರ್ಧವೇ ಜಾಣತನ. ಅಷ್ಟಕ್ಕೆ ಒಂದು ಮೀಟರಿನ ತಪ್ಪು ಒಂದೂವರೆ ಸೆಂ.ಮೀ.ಗೆ ಇಳಿದು ಎಫ್/2ರ ಡೆಪ್ತ್ ಒಳಗೆ ಬರುತ್ತದೆ. ಇನ್ಫಿನಿಟಿ ಫೋಕಸ್ 55 ಮೀಟರಿನ ಹತ್ತಿರ ನಿಂತು, ಎಫ್/2ರಲ್ಲೂ ದೂರದ ವಸ್ತು ಸಹಿಸುವಷ್ಟು ಸ್ಪಷ್ಟವಾಗಿರುತ್ತದೆ. ಎರಡು ತುದಿಯಲ್ಲೂ ಒಂದಿಷ್ಟು ಬಿಟ್ಟುಕೊಟ್ಟು ಎರಡನ್ನೂ ಉಳಿಸಿಕೊಂಡಂತೆ.

ಬ್ಲಾಕನ್ನು ತಿರುಚಿ ಬಿಚ್ಚುವ ಮೊದಲು ಸುತ್ತಲೂ ನೋಡಿ. ಕೆಲವು ಲೆನ್ಸ್‌ಗಳಲ್ಲಿ ಅದನ್ನು ಹಿಡಿದಿಡಲು ಕಣ್ಣಿಗೆ ಕಾಣದಷ್ಟು ಪುಟ್ಟ ಸೆಟ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸದೆ ಬಲ ಹಾಕಿದರೆ ಅಲ್ಯೂಮಿನಿಯಂ ಮರೆ ಕಿತ್ತುಹೋಗುತ್ತದೆ. ಪ್ರಯೋಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಗುರ ಕತ್ತರಿಸಿ ಹಾಕಬಹುದು. ಒಂದು ಪದರ 0.015 ಮಿ.ಮೀ. ಆಸುಪಾಸು ಇರುವುದರಿಂದ ಮೂರು ಪದರದಿಂದ ಶುರು ಮಾಡಿ. ಕಾಗದ ಬೇಡ, ಒತ್ತಡಕ್ಕೆ ಚಪ್ಪಟೆಯಾಗಿ ಅಳತೆ ಕೆಡುತ್ತದೆ, ನಾರು ಒಳಗೆ ಉದುರುತ್ತದೆ. ಪರೀಕ್ಷೆಯಲ್ಲಿ ಗೆದ್ದ ದಪ್ಪಕ್ಕೆ ಹಿತ್ತಾಳೆಯ ಶಿಮ್ ಹಾಳೆಯಲ್ಲಿ ಉಂಗುರ ಮಾಡಿಸಿ. ಶಿಮ್ ಬದಲಾದರೆ ಬ್ಲಾಕ್ ಬೇರೆ ಕೋನದಲ್ಲಿ ಬಿಗಿಯಾಗುವುದರಿಂದ ಅಪರ್ಚರ್ ಅಂಕಿಗಳು ಮೊದಲಿನಂತೆ ಮೇಲುಗಡೆ ನಿಲ್ಲದೇ ಪಕ್ಕಕ್ಕೆ ವಾಲಬಹುದು. ನೋಡಲು ಕಿರಿಕಿರಿ, ಚಿತ್ರಕ್ಕೇನೂ ಆಗದು.

ಬಿಚ್ಚುವ ಧೈರ್ಯವಿಲ್ಲದವರಿಗೂ ದಾರಿಯಿದೆ. ಫೋಕಸ್ 3 ಸೆಂ.ಮೀ. ಹಿಂದೆ ಬೀಳುತ್ತದೆಂದು ಗೊತ್ತಿದ್ದ ಮೇಲೆ, ಎದುರಿನವರು ನೇರ ನೋಡುತ್ತಿರುವಾಗ ಮೂಗಿನ ತುದಿಗೆ ಫೋಕಸ್ ಮಾಡಿದರೆ ಕಣ್ಣು ಶಾರ್ಪ್ ಬರುತ್ತದೆ. ಇಲ್ಲವೇ ಕಣ್ಣಿಗೇ ಫೋಕಸ್ ಮಾಡಿ, ಉಸಿರು ಹಿಡಿದು ಎರಡು ಬೆರಳಷ್ಟು ಹಿಂದಕ್ಕೆ ವಾಲಿ ಕ್ಲಿಕ್ ಮಾಡಿ. ಮುಂದಕ್ಕೆ ವಾಲಿದರೆ ತಪ್ಪು ಇಮ್ಮಡಿಯಾಗುತ್ತದೆ, ದಿಕ್ಕು ಮರೆಯಬಾರದು.

ಅಪರ್ಚರ್ ಕಿರಿದು ಮಾಡಿದಾಗ ನಡೆಯುವ ಇನ್ನೊಂದು ಸಂಗತಿಯೂ ಇದರ ಜೊತೆ ಸೇರಿಕೊಳ್ಳುತ್ತದೆ. ಸೊನ್ನಾರ್ ವಿನ್ಯಾಸದಲ್ಲಿ ಅಂಚಿನಿಂದ ಬಂದ ಕಿರಣಗಳು ನಡುವಿನ ಕಿರಣಗಳಿಗಿಂತ ಲೆನ್ಸಿಗೆ ಹತ್ತಿರದಲ್ಲೇ ಕೂಡುತ್ತವೆ. ಎಫ್/2.8ಕ್ಕೆ, 4ಕ್ಕೆ ಇಳಿಸಿದಾಗ ಅಂಚಿನ ಕಿರಣಗಳು ಕಡಿತವಾಗಿ, ಅತ್ಯುತ್ತಮ ಫೋಕಸ್ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಫೋಕಸ್ ಶಿಫ್ಟ್ ಎನ್ನುವುದು ಇದನ್ನೇ. ಎಫ್/1.5ರ ಜುಪಿಟರ್-3ರಲ್ಲಿ ಇದು ಎದ್ದು ಕಾಣುತ್ತದೆ, ನಿಮ್ಮದರಲ್ಲಿ ಕಡಿಮೆ. ಎಫ್/4ರ ಹೊತ್ತಿಗೆ ಹೆಚ್ಚುವ ಡೆಪ್ತ್ ಅದನ್ನು ನುಂಗಿಬಿಡುತ್ತದೆ. ಕಷ್ಟ ಕೊಡುವುದು ಎಫ್/2.8 ಒಂದೇ, ಅದಕ್ಕೇ ಪರೀಕ್ಷೆಯಲ್ಲಿ ಅದನ್ನು ಬಿಡಬಾರದು. ಮಿರರ್‌ಲೆಸ್‌ನಲ್ಲಿ ಬಳಸುವಾಗಲೂ ಎಫ್/2ರಲ್ಲಿ ಫೋಕಸ್ ಮಾಡಿ ಆಮೇಲೆ ಕಿರಿದು ಮಾಡುವ ಅಭ್ಯಾಸ ಬಿಟ್ಟು, ಚಿತ್ರ ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಿ.

ಈಗ ಬಿಳಿಚಿಕೊಳ್ಳುವ ಚಿತ್ರಗಳು. ಸೊನ್ನಾರ್ ಹುಟ್ಟಿದ್ದೇ ಬೆಳಕಿನ ಪ್ರತಿಫಲನ ತಗ್ಗಿಸಲು. 1932ರಲ್ಲಿ ಲೆನ್ಸ್ ಕೋಟಿಂಗ್ ಇರಲಿಲ್ಲ. ಗಾಳಿಗೆ ತೆರೆದುಕೊಂಡ ಪ್ರತಿ ಗಾಜಿನ ಮೈ ಸುಮಾರು 5 ಪ್ರತಿಶತ ಬೆಳಕನ್ನು ಹಿಂದಕ್ಕೆ ಎಸೆಯುತ್ತಿತ್ತು. ಬೆರ್ಟೆಲೆ ಆರು ಗಾಜುಗಳನ್ನು ಒಂದು, ಮೂರು, ಎರಡು ಎಂದು ಮೂರೇ ಗುಂಪಾಗಿ ಅಂಟಿಸಿ, ಗಾಳಿ ಸೋಕುವ ಮೈಗಳನ್ನು ಆರಕ್ಕೆ ಇಳಿಸಿದರು. ಅದೇ ಕಾಲದ ಡಬಲ್ ಗಾಸ್ ಮಾದರಿಯಲ್ಲಿ ಆರು ಗಾಜು ನಾಲ್ಕು ಗುಂಪು, ಎಂಟು ಮೈ. ಎರಡೇ ಹೆಚ್ಚು ಅನಿಸಬಹುದು. ಆದರೆ ಭೂತಬಿಂಬ (ಒಳಗಿನ ಪ್ರತಿಫಲನದಿಂದ ಮೂಡುವ ಸುಳ್ಳು ಬಿಂಬ) ಹುಟ್ಟುವುದು ಎರಡೆರಡು ಮೈಗಳ ಜೋಡಿಯಿಂದ. ಆರು ಮೈಗಳಲ್ಲಿ 15 ಜೋಡಿ, ಎಂಟರಲ್ಲಿ 28. ನಿಮ್ಮ ಲೆನ್ಸಿಗೆ ಇದರ ಮೇಲೆ ಕೋಟಿಂಗ್ ಬೇರೆ ಇದೆ. ಮುಂದಿನ ಉಂಗುರದ ಮೇಲೆ ಕೆಂಪು ಬಣ್ಣದ ರಷ್ಯನ್ ಅಕ್ಷರ ‘ಪಿ’ (ಎರಡು ಕಂಬದ ಮೇಲೆ ಅಡ್ಡಪಟ್ಟಿ ಇಟ್ಟ ಆಕಾರ) ಇದ್ದರೆ ಅದು ಕೋಟಿಂಗಿನ ಗುರುತು. ಇಂಥ ಲೆನ್ಸ್ ಕಿಟಕಿ ಎದುರಿಗೆ ಸ್ವಲ್ಪ ಕಾಂಟ್ರಾಸ್ಟ್ ಕಳೆದುಕೊಳ್ಳುವುದು ಸಹಜ. ಪೂರಾ ಬಿಳಿಚಿಕೊಳ್ಳುವುದು ಸಹಜವಲ್ಲ.

ಕತ್ತಲೆ ಕೋಣೆಯಲ್ಲಿ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಚುಕ್ಕೆ, ಒಂದೆರಡು ಗುಳ್ಳೆ ಇದ್ದರೆ ಲೆಕ್ಕಕ್ಕಿಲ್ಲ. ಗಾಜಿನ ಮೇಲೆಲ್ಲ ತೆಳು ಹಾಲಿನ ಪೊರೆಯಂತೆ ಕಂಡರೆ ಅದು ಮಬ್ಬು. ಅದು ಹೆಚ್ಚಾಗಿ ಕೂರುವುದು ಅಪರ್ಚರ್ ಎಲೆಗಳ ಎರಡೂ ಪಕ್ಕದ ಗಾಜಿನ ಮೇಲೆ, ಅಂದರೆ ನಡುವಿನ ಗುಂಪಿನ ಹಿಂಬದಿ ಮತ್ತು ಕೊನೆಯ ಗುಂಪಿನ ಮುಂಬದಿ. ಹೆಲಿಕಾಯ್ಡಿನ ಹಳೆಯ ಗ್ರೀಸಿನಿಂದ ಎಣ್ಣೆ ಬೇರ್ಪಟ್ಟು ಒಳಗೆ ಹರಡುತ್ತದೆ, ಅದರ ಆವಿ ಗಾಜಿಗೆ ಅಂಟುತ್ತದೆ. ಅಪರ್ಚರ್ ಎಲೆಗಳ ಮೇಲಿನ ಎಣ್ಣೆಯನ್ನು ಅಸಡ್ಡೆ ಮಾಡಬಾರದ್ದು ಇದಕ್ಕೇ. ಈ ಲೆನ್ಸಿನಲ್ಲಿ ಸ್ಪ್ರಿಂಗ್ ಇಲ್ಲ, ಎಲೆಗಳು ಎಣ್ಣೆಯಲ್ಲೂ ತಿರುಗುತ್ತವೆ. ಆದರೆ ಒರೆಸಿದ ಮಬ್ಬು ಮತ್ತೆ ಬರಲು ಅದೇ ಬೀಜ.

ಕೊನೆಯ ಗುಂಪು ತನ್ನ ಚೌಕಟ್ಟಿನ ಸಮೇತ ಹಿಂದಿನಿಂದ ತಿರುಚಿ ಹೊರಬರುತ್ತದೆ. ಹಾಗಾಗಿ ಮಬ್ಬಿನ ಎರಡೂ ಮೈ ಕೈಗೆಟುಕುತ್ತವೆ, ಎಲೆಗಳ ನಡುವಿನಿಂದ ಮಾತ್ರ ಬಹಳ ನಾಜೂಕಾಗಿ ಒರೆಸಬೇಕು. ಮೊದಲು ಬ್ಲೋಅರ್‌ನಿಂದ ಧೂಳು ಊದಿ. ಆಮೇಲೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಲೆನ್ಸ್ ಟಿಶ್ಯೂಗೆ ಹಚ್ಚಿ, ನಡುವಿನಿಂದ ಹೊರಕ್ಕೆ ಒಂದೇ ಸುತ್ತು. ಗಾಜಿನ ಮೇಲೆ ನೇರ ಸುರಿಯಬೇಡಿ. ಅಂಚಿನ ಕಪ್ಪು ಬಣ್ಣ ಕರಗಿ ಒಳಕ್ಕೆ ಇಳಿದರೆ ಇದ್ದದ್ದೂ ಕೆಡುತ್ತದೆ. ಆ ಕಾಲದ ಕೋಟಿಂಗ್ ಮೆತ್ತಗಿನದು, ಒಣ ಬಟ್ಟೆಯಿಂದ ತಿಕ್ಕಿದರೆ ಗೀರು ಖಂಡಿತ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು. ಹೊಸದಾಗಿದ್ದರೆ ಇದೇ ವಿಧಾನದಲ್ಲಿ ಹೋಗುತ್ತದೆ, ಹಳೆಯದಾಗಿದ್ದರೆ ಕೋಟಿಂಗ್ ತಿಂದು ಗುರುತು ಉಳಿಸಿರುತ್ತದೆ. ಮಬ್ಬು ತೆಗೆದ ಮೇಲೆ 40.5 ಮಿ.ಮೀ. ಮರೆಯ ಒಂದು ಲೋಹದ ಹುಡ್ ಹಾಕಿ. ವ್ಯೂಫೈಂಡರಿನ ಒಂದು ಮೂಲೆ ಮುಚ್ಚಿದರೂ ಪರವಾಗಿಲ್ಲ, ಪಕ್ಕದ ಬೆಳಕು ತಡೆಯಲು ಅದಕ್ಕಿಂತ ಒಳ್ಳೆಯ ಉಪಾಯ ಬೇರೆಯಿಲ್ಲ.

ಇವೆಲ್ಲ ಆದ ಮೇಲೆ ಉಳಿಯುವುದು ಲೆನ್ಸಿನ ಸ್ವಂತ ಗುಣ. ಎಫ್/2ರಲ್ಲಿ ನಡುಭಾಗ ಚೆನ್ನಾಗಿಯೇ ಶಾರ್ಪ್, ಅದರ ಮೇಲೊಂದು ತೆಳು ಹೊಳಪು. ಬಿಳಿ ಬಟ್ಟೆಯ ಅಂಚು, ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಇಂಥ ಕಡೆ ಬೆಳಕು ಸ್ವಲ್ಪ ಹೊರಕ್ಕೆ ಹರಡಿದಂತಿರುತ್ತದೆ. ಫೋಕಸನ್ನು ಸರಿಸುವ ಅದೇ ಅಂಚಿನ ಕಿರಣಗಳ ಕೆಲಸ ಇದು. ಹಿನ್ನೆಲೆಯ ಮಸುಕಿನಲ್ಲಿ ಬೆಳಕಿನ ಬಿಲ್ಲೆಗಳು ನಡುವೆ ಪ್ರಕಾಶವಾಗಿ ಅಂಚಿಗೆ ಕರಗುತ್ತವೆ, ಗಟ್ಟಿ ಗೆರೆ ಕಟ್ಟುವುದಿಲ್ಲ. ಮುಖಚಿತ್ರಕ್ಕೆ ಸೊನ್ನಾರ್ ಹುಡುಕಿಕೊಂಡು ಹೋಗುವವರು ಹೋಗುವುದು ಈ ಹಿನ್ನೆಲೆಗಾಗಿ, ಮತ್ತು ಅವರ ಆಯ್ಕೆ ಸರಿಯಾದದ್ದೇ. ಇದಕ್ಕೆ ತದ್ವಿರುದ್ಧವಾದದ್ದು ಮುನ್ನೆಲೆ. ಫೋಕಸ್‌ಗಿಂತ ಮುಂದಿರುವ ವಸ್ತುವಿನ ಮಸುಕಿಗೆ ಗಡುಸಾದ ಅಂಚು ಬರುತ್ತದೆ. ಗಿಡದ ಎಲೆಗಳ ಸಂದಿಯಿಂದ ಮುಖ ತೆಗೆಯುವ ಆಸೆಯಿದ್ದರೆ ಈ ಲೆನ್ಸ್ ಬೇಡ. ಖಾಲಿ ಮುನ್ನೆಲೆ, ದೂರದ ಹಿನ್ನೆಲೆ ಇದಕ್ಕೆ ಹೇಳಿ ಮಾಡಿಸಿದ್ದು. ಮೂಲೆಗಳು ಎಫ್/2ರಲ್ಲಿ ಮೆತ್ತಗೆ, ಎಫ್/5.6ರಿಂದ 8ರ ನಡುವೆ ಚೌಕಟ್ಟಿಡೀ ಬಿಗಿಯಾಗುತ್ತದೆ. ಕಪ್ಪು ಬಿಳುಪು ಫಿಲ್ಮ್ ನೀವೇ ಡೆವಲಪ್ ಮಾಡುವುದಾದರೆ, ಮೋಡದ ದಿನ ತೆಗೆದ ರೋಲಿಗೆ 10 ಪ್ರತಿಶತ ಹೆಚ್ಚು ಸಮಯ ಕೊಡಿ. ಲೆನ್ಸ್ ಬಿಟ್ಟುಕೊಟ್ಟ ಕಾಂಟ್ರಾಸ್ಟ್ ಸ್ವಲ್ಪ ಮರಳುತ್ತದೆ.

ಕೈಯಲ್ಲಿ ಹಿಡಿದಾಗಿನ ಕೆಲವು ಚಾಳಿಗಳಿವೆ. ಫೋಕಸ್ ತಿರುಗಿಸಿದರೆ ಮುಂಭಾಗವಿಡೀ ತಿರುಗುತ್ತದೆ, ಅಪರ್ಚರ್ ರಿಂಗಿಗೆ ಕ್ಲಿಕ್ ಇಲ್ಲ. ಹಾಗಾಗಿ ಫೋಕಸ್ ಮಾಡುವ ಭರದಲ್ಲಿ ಎಫ್/2 ಹೋಗಿ 2.8 ಆಗಿರುವುದು ಮಾಮೂಲು. ಲೈಕಾದ ಮೇಲೆ ಮೊದಲು ಫೋಕಸ್, ಆಮೇಲೆ ಅಪರ್ಚರ್ ಎಂಬ ಕ್ರಮ ಇಟ್ಟುಕೊಳ್ಳಿ. ಗ್ರೀಸ್ ಗಟ್ಟಿಯಾಗಿದ್ದರೆ ಫೋಕಸ್ ತಿರುಗಿಸುವಾಗ ಲೆನ್ಸೇ ಬಾಡಿಯಿಂದ ಅರೆಬರೆ ಬಿಚ್ಚಿಕೊಳ್ಳುತ್ತದೆ. ಕಾಲು ಸುತ್ತು ಸಡಿಲವಾದರೂ ಸಾಕು, ಇನ್ಫಿನಿಟಿಗೆ ತಿರುಗಿಸಿ ತೆಗೆದ ದೂರದ ದೃಶ್ಯಗಳು ಮಸುಕು. ಆಗಾಗ ಬುಡವನ್ನು ಹಿಡಿದು ಬಿಗಿ ಮಾಡಿ ನೋಡುತ್ತಿರಿ. ಅಷ್ಟು ಗಟ್ಟಿಯಾಗಿದ್ದರೆ ಗ್ರೀಸ್ ಬದಲಿಸುವುದೇ ಸರಿ, ಹಾಗೆ ಬದಲಿಸುವವರಿಗೆ ಹೆಲಿಕಾಯ್ಡ್ ಕಳಚುವ ಜಾಗಕ್ಕೆ ಗುರುತು ಹಾಕಲು ಮೊದಲೇ ಹೇಳಿ.

ರಿಪೇರಿ ಮಾಡಿಸಬಾರದ ಸ್ಥಿತಿ ಒಂದೇ. ಟಾರ್ಚ್ ಬೆಳಕಿನಲ್ಲಿ ಅಂಚಿನಿಂದ ಒಳಕ್ಕೆ ಬೆಳ್ಳಿಯ ಬಣ್ಣದ ಅಥವಾ ಕಾಮನಬಿಲ್ಲಿನಂಥ ಕಲೆ ಹಬ್ಬಿದ್ದರೆ, ಅಂಟಿಸಿದ ಗಾಜುಗಳ ನಡುವಿನ ಬಾಲ್ಸಮ್ ಅಂಟು ಬಿಟ್ಟಿದೆ ಎಂದರ್ಥ. ಮೂರು ಗಾಜಿನ ಗುಂಪನ್ನು ಬಿಡಿಸಿ, ನಡುಗೆರೆ ತಪ್ಪದಂತೆ ಮತ್ತೆ ಅಂಟಿಸುವುದು ಈ ಲೆನ್ಸಿನ ಬೆಲೆಗೆ ಗಿಟ್ಟುವ ಕೆಲಸವಲ್ಲ. ಅಂಥದ್ದನ್ನು ಹಾಗೇ ಬಳಸಿ, ಇಲ್ಲವೇ ಬೇರೊಂದು ಕೊಳ್ಳಿ. ಕಲೆ ಇಲ್ಲದೆ ಬರೀ ಮಬ್ಬಿದ್ದರೆ ಮೊದಲು ಗಾಜು ಶುಚಿ ಮಾಡಿಸಿ, ಆಮೇಲೆ ಸ್ಕೇಲಿನ ಪರೀಕ್ಷೆ ಮಾಡಿ. ಮಬ್ಬಿನ ಲೆನ್ಸಿನಿಂದ ತೆಗೆದ ಸ್ಕೇಲಿನಲ್ಲಿ ಯಾವ ಅಂಕಿ ಹೆಚ್ಚು ಶಾರ್ಪ್ ಎಂದು ಹೇಳುವುದೇ ಕಷ್ಟ, ಆ ಅಳತೆ ನಂಬಿ ಶಿಮ್ ಹಾಕಿದರೆ ಎರಡನೇ ಸಲ ಬಿಚ್ಚಬೇಕಾಗುತ್ತದೆ.